ಹೊರಗಿನವರಿಗೆ ಭಾಷೆ ಕಲಿಸುವ ಹೊಣೆ ಯಾರದು? ಕ್ಯಾಟಲೋನಿಯಾ ನೋಡಿ ಎದ್ದ ಪ್ರಶ್ನೆ

ಪಡುಗಡಲು (ಬಾರ್ಸಿಲೋನಾ)

ವಲಸೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡೇ ದನಿ ಜೋರಾಗಿ ಕೇಳುತ್ತವೆ. ‘ಬಂದವರು ಕನ್ನಡ ಕಲಿಯಲಿ, ಆಗಲ್ಲ ಅಂದ್ರೆ ಹೊರಡಲಿ’ ಎನ್ನುವುದು ಒಂದು. ‘ಯಾವ ಭಾಷೆ ಆಡಿದರೇನು, ಬಿಟ್ಟುಬಿಡಿ’ ಎನ್ನುವುದು ಇನ್ನೊಂದು. ನಾನು ಕುಂದಾಪುರದ ಕಡೆಯವನು, ಕೆಲಸದ ಮೇಲೆ ಬಾರ್ಸಿಲೋನಾಗೆ ಬಂದು ನೆಲೆಸಿದ್ದೇನೆ. ಇಲ್ಲಿನ ಕ್ಯಾಟಲೋನಿಯಾ ಸರಕಾರ ಹೊರಗಿನವರ ಜೊತೆ ನಡೆದುಕೊಂಡ ರೀತಿ ತಿಳಿದ ಮೇಲೆ ಆ ಎರಡೂ ಮಾತು ಸಾಲದು ಅನ್ನಿಸುತ್ತಿದೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಓದಿ, ನಿಮ್ಮ ಅಭಿಪ್ರಾಯ ಹೇಳಿ.

ಕ್ಯಾಟಲೋನಿಯಾ ಸ್ಪೇನಿನ ಒಂದು ಪ್ರಾಂತ್ಯ. ಅದಕ್ಕೆ ತನ್ನದೇ ಭಾಷೆ ಇದೆ, ಕ್ಯಾಟಲನ್. ಫ್ರಾಂಕೋನ ಸರ್ವಾಧಿಕಾರದಲ್ಲಿ, 1939ರಿಂದ 1975ರವರೆಗೆ, ಈ ಭಾಷೆಯನ್ನು ಶಾಲೆ ಕಚೇರಿಗಳಿಂದ ಹೊರಗೆ ಹಾಕಿದ್ದರು. ಅದೇ ಕಾಲದಲ್ಲಿ ಆಂಡಲೂಸಿಯಾ, ಮುರ್ಸಿಯಾ ಕಡೆಯ ಬಡ ಕೂಲಿಕಾರರು ಇಲ್ಲಿನ ಕಾರ್ಖಾನೆಗಳಿಗೆ ಬಂದರು. 1950ರಲ್ಲಿ ಸುಮಾರು 32 ಲಕ್ಷವಿದ್ದ ಜನಸಂಖ್ಯೆ 1975ರ ಹೊತ್ತಿಗೆ 56 ಲಕ್ಷದ ಹತ್ತಿರ ಬಂತು. ಬಂದವರ ಮಾತು ಸ್ಪ್ಯಾನಿಷ್. ಸರಕಾರದ ಭಾಷೆಯೂ ಅದೇ. ಕ್ಯಾಟಲನ್ ಕಲಿಯಬೇಕಾದ ದರ್ದೇ ಇರಲಿಲ್ಲ. ಸಮುದ್ರದಂಡೆಯ ಸೊಮೊರೊಸ್ತ್ರೊದಲ್ಲಿ, ಮೊಂಜುಯಿಕ್ ಗುಡ್ಡದ ಮೇಲೆ ತಗಡು ಹಲಗೆಯ ಗುಡಿಸಲು ಹಾಕಿಕೊಂಡು ಇದ್ದರು. ಅವರನ್ನು ಕೀಳಾಗಿ ಕಂಡ ಸ್ಥಳೀಯರು ಬಹಳ ಜನ. 1980ರಿಂದ 2003ರವರೆಗೆ ಪ್ರಾಂತ್ಯದ ಅಧ್ಯಕ್ಷರಾಗಿದ್ದ ಜೋರ್ದಿ ಪುಜೋಲ್ ಕೂಡ ಮೊದಲು ಆಂಡಲೂಸಿಯಾದವರ ಬಗ್ಗೆ ತೀರಾ ಹಗುರವಾಗಿ ಬರೆದಿದ್ದವರೇ. ಆದರೆ ಕ್ಯಾಟಲೋನಿಯಾದಲ್ಲಿ ಬದುಕಿ ದುಡಿಯುವವರೆಲ್ಲ ಕ್ಯಾಟಲನ್ನರು ಎಂಬ ಮಾತನ್ನು ಮನೆಮನೆಗೆ ಮುಟ್ಟಿಸಿದವರೂ ಅವರೇ. ಹುಟ್ಟಿದ ಊರನ್ನಾಗಲಿ ರಕ್ತವನ್ನಾಗಲಿ ಆ ಮಾತು ಕೇಳುವುದಿಲ್ಲ. ಅದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಸರ್ವಾಧಿಕಾರ ಮುಗಿದ ಮೇಲೆ ಶಾಲೆಯ ಪ್ರಶ್ನೆ ಬಂತು. ವಲಸೆಯವರ ಮಕ್ಕಳಿಗೆ ಸ್ಪ್ಯಾನಿಷ್ ಶಾಲೆ, ಸ್ಥಳೀಯರಿಗೆ ಕ್ಯಾಟಲನ್ ಶಾಲೆ ಅಂತ ಎರಡು ಮಾಡುವುದು ಸುಲಭವಿತ್ತು. 1983ರ ಭಾಷಾ ಕಾನೂನು ಅದನ್ನು ಒಪ್ಪಲಿಲ್ಲ. ಮಾತಿನ ಕಾರಣಕ್ಕೆ ಮಕ್ಕಳನ್ನು ಬೇರೆ ಬೇರೆ ಕೂರಿಸಬಾರದು ಎಂದಿತು. ಅದೇ ವರ್ಷ ಸಾಂತಾ ಕೊಲೋಮಾ ದೆ ಗ್ರಾಮೆನೆತ್ ಎಂಬ ಕಾರ್ಮಿಕರ ಊರಿನಲ್ಲಿ ಸ್ಪ್ಯಾನಿಷ್ ಮನೆಮಾತಿನ ತಂದೆತಾಯಿಗಳೇ ನಮ್ಮ ಮಕ್ಕಳಿಗೆ ಕ್ಯಾಟಲನ್‌ನಲ್ಲಿ ಕಲಿಸಿ ಎಂದು ಪಟ್ಟು ಹಿಡಿದರು. ಭಾಷಾಭಿಮಾನ ಅವರಿಗೆ ಎಲ್ಲಿಂದ ಬರಬೇಕು? ಕ್ಯಾಟಲನ್ ಬಂದರೆ ಬ್ಯಾಂಕು, ಆಫೀಸು. ಬಾರದಿದ್ದರೆ ಅಪ್ಪನ ಹಾಗೆ ಕಾರ್ಖಾನೆ. ಅಷ್ಟು ಸ್ಪಷ್ಟವಾಗಿ ಅವರು ಕಂಡಿದ್ದರು.

ನನ್ನ ಮಾತು ಇಷ್ಟೇ. ನಮ್ಮ ಭಾಷೆ ಕಲಿಯಿರಿ ಎಂದು ಕೇಳುವುದು ನ್ಯಾಯ. ಆದರೆ ಕೇಳುವ ಸರಕಾರವೇ ಕಲಿಸಬೇಕು, ಕಲಿತವನಿಗೆ ಬಾಗಿಲು ತೆರೆಯಬೇಕು. ಕಲಿಸದೆ ಕೇಳಿದರೆ ಅದು ಹೊರಗಿಡುವ ಇನ್ನೊಂದು ದಾರಿ.

ಪೀಣ್ಯ_ಎರಡನೇ_ಹಂತ

ಸರ್, ಚೆನ್ನಾಗಿ ಬರೆದಿದ್ದೀರಿ. ಆದರೆ ಹೊಟ್ಟೆ ತುಂಬಿದ ಊರಿನ ಉದಾಹರಣೆ ಇದು. ನನ್ನ ವರ್ಕ್‌ಶಾಪಿನಲ್ಲಿ ಒಡಿಶಾ, ಬಿಹಾರದ ಹುಡುಗರಿದ್ದಾರೆ. ಅವರು ಕನ್ನಡ ಕಲೀತಾರೆ, ಬೇಗನೇ ಕಲೀತಾರೆ. ಹತ್ತು ವರ್ಷ ಇದ್ದರೂ ಒಂದಕ್ಷರ ಕಲಿಯದೆ ಇರುವವರು ದೊಡ್ಡ ಅಪಾರ್ಟ್‌ಮೆಂಟಿನವರು. ಅವರಿಗೆ ಯಾವ ಬ್ಯಾಂಕ್ ಕೆಲಸದ ಆಸೆ ತೋರಿಸುತ್ತೀರಿ? ಅವರ ಕೆಲಸಕ್ಕೆ ಕನ್ನಡ ಬೇಕಾಗಿಲ್ಲ, ಮಕ್ಕಳ ಶಾಲೆಗೂ ಬೇಕಾಗಿಲ್ಲ.

ಕನ್ನಡಿಗರಿಗೆ ಕೆಲಸದಲ್ಲಿ ಆದ್ಯತೆ ಕೊಡಿ ಎಂದ ಸರೋಜಿನಿ ಮಹಿಷಿ ವರದಿ ಬಂದು ಎಷ್ಟು ದಶಕವಾಯಿತು? 2024ರ ಜುಲೈನಲ್ಲಿ ಸ್ಥಳೀಯರಿಗೆ ಖಾಸಗಿ ಕೆಲಸದಲ್ಲಿ ಪಾಲು ಕೊಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಆಡಳಿತದ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70. ಉದ್ಯಮಿಗಳು ಗಲಾಟೆ ಮಾಡಿದ ತಕ್ಷಣ ತಡೆ ಹಿಡಿದರು. ಕೈಯಲ್ಲಿ ಅಧಿಕಾರ ಇಟ್ಟುಕೊಂಡೂ ಹೆದರುವ ಸರಕಾರ ನಮ್ಮದು. ಮೊದಲು ಗಟ್ಟಿಯಾಗಿ ನಿಲ್ಲಬೇಕು, ಸ್ವಾಗತದ ಮಾತು ಆಮೇಲೆ.

ಹಿಮದೂರಿನವಳು (ಮಾಂಟ್ರಿಯಲ್)

ಗಟ್ಟಿಯಾಗಿ ನಿಂತ ಸರಕಾರ ಹೇಗಿರುತ್ತದೆ ಅಂತ ನಾನು ಹೇಳಬಲ್ಲೆ. ಕೆನಡಾದಲ್ಲಿ ಫ್ರೆಂಚ್ ಆಡುವ ಕ್ವಿಬೆಕ್ ಪ್ರಾಂತ್ಯಕ್ಕೆ ಇರುವ ಅಧಿಕಾರ ನಿಮ್ಮ ಕ್ಯಾಟಲೋನಿಯಾಗಿಲ್ಲ ಅಣ್ಣ. 1991ರ ಒಪ್ಪಂದದ ಪ್ರಕಾರ ನೌಕರಿ ಮೇಲೆ ಬರುವ ವಲಸಿಗರನ್ನು ಕ್ವಿಬೆಕ್ ತಾನೇ ಆರಿಸುತ್ತದೆ. ಫ್ರೆಂಚ್ ಬಂದರೆ ಅಂಕ ಜಾಸ್ತಿ. ಕಲಿಸುವ ಖರ್ಚಿಗೆ ಕೇಂದ್ರ ಸರಕಾರ ಪ್ರತಿ ವರ್ಷ ಹಣ ಕೊಡಬೇಕು.

ಶಾಲೆಯ ವಿಷಯದಲ್ಲಿ ಪೀಣ್ಯದವರು ಹೇಳಿದ್ದಕ್ಕೆ ಇಲ್ಲಿ ಉತ್ತರ ಇದೆ. 1960ರ ದಶಕದಲ್ಲಿ ಮಾಂಟ್ರಿಯಲ್‌ಗೆ ಬಂದ ಇಟಲಿಯವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೇ ಹಾಕುತ್ತಿದ್ದರು. ಯಾಕೆಂದರೆ ಒಳ್ಳೆ ಸಂಬಳ ಇಂಗ್ಲಿಷಿನಲ್ಲಿತ್ತು. ಸೇನ್ ಲಿಯೊನಾರ್ ಬಡಾವಣೆಯಲ್ಲಿ 1969ರಲ್ಲಿ ಇದೇ ವಿಷಯಕ್ಕೆ ಬೀದಿಯಲ್ಲಿ ಹೊಡೆದಾಟವೇ ಆಯಿತು. 1977ರಲ್ಲಿ ರೆನೆ ಲೆವೆಕ್ ಸರಕಾರ 101ನೇ ಮಸೂದೆ ತಂದಿತು. ವಲಸಿಗರ ಮಕ್ಕಳು ಪ್ರೌಢಶಾಲೆ ಮುಗಿಸುವ ತನಕ ಫ್ರೆಂಚ್ ಮಾಧ್ಯಮದಲ್ಲೇ ಓದಬೇಕು. ಇದು ಬಲವಂತವೇ. ಆದರೆ ಫಲ ಕೊಟ್ಟಿತು. ಪಾರ್ಕ್ ಎಕ್ಸ್‌ಟೆನ್ಶನ್ ಅಂತ ನಮ್ಮವರೇ ತುಂಬಿರುವ ಬಡಾವಣೆ ಇದೆ. ಅಲ್ಲಿ ಪಂಜಾಬಿ, ತಮಿಳು ಮನೆಯ ಮಕ್ಕಳು ಮೂರು ಭಾಷೆ ಸಲೀಸಾಗಿ ಆಡುತ್ತವೆ.

ಈಗ ಇನ್ನೊಂದು ಮಗ್ಗುಲು ಕೇಳಿ. ಹೈಟಿಯಿಂದ ಬಂದವರಿಗೆ ಫ್ರೆಂಚ್ ಮೊದಲೇ ಬರುತ್ತಿತ್ತು. ಆದರೂ 1980ರ ದಶಕದ ಶುರುವಿನಲ್ಲಿ ಹೈಟಿಯ ಟ್ಯಾಕ್ಸಿ ಚಾಲಕರನ್ನು ಬಣ್ಣದ ಕಾರಣಕ್ಕೆ ಕೆಲಸದಿಂದ ತೆಗೆದರು. 2017ರ ಜನವರಿಯಲ್ಲಿ ಕ್ವಿಬೆಕ್ ನಗರದ ಮಸೀದಿಯಲ್ಲಿ ಒಬ್ಬ ಗುಂಡು ಹಾರಿಸಿ ಆರು ಜನರನ್ನು ಕೊಂದ. ಸತ್ತವರು ಫ್ರೆಂಚ್ ಬಲ್ಲ ಆಫ್ರಿಕದ ದೇಶಗಳಿಂದ ಬಂದು ನೆಲೆಸಿದವರು. 2019ರಲ್ಲಿ 21ನೇ ಮಸೂದೆ ಬಂತು. ಹಿಜಾಬ್, ಪಗಡಿ, ಯಹೂದಿ ಟೋಪಿ ಧರಿಸುವವರು ಸರಕಾರಿ ಶಾಲೆಯ ಶಿಕ್ಷಕರಾಗಿಯೋ ಪೊಲೀಸರಾಗಿಯೋ ಹೊಸದಾಗಿ ಸೇರುವಂತಿಲ್ಲ. 2021ರ ಡಿಸೆಂಬರಿನಲ್ಲಿ ಚೆಲ್ಸಿ ಎಂಬ ಪುಟ್ಟ ಊರಿನಲ್ಲಿ ಹಿಜಾಬ್ ತೊಟ್ಟ ಶಿಕ್ಷಕಿಯನ್ನು ತರಗತಿಯಿಂದ ಹೊರಗೆ ಕಳಿಸಿದರು. ಹುಡುಗಿಯೊಬ್ಬಳು ಕಷ್ಟಪಟ್ಟು ಫ್ರೆಂಚ್ ಕಲಿತು, ಬಿಎಡ್ ಥರದ ಓದು ಮುಗಿಸಿದ ಮೇಲೆ ತಲೆವಸ್ತ್ರ ತೆಗೆದು ಬಾ ಅನ್ನುತ್ತೀರಿ. ಅವಳು ಇನ್ನೇನು ಕಲಿಯಬೇಕು ಹೇಳಿ?

ಕಲಿಸುವ ವಿಷಯದಲ್ಲೂ ಹಾಗೇ. 2022ರ 96ನೇ ಮಸೂದೆ ಪ್ರಕಾರ ಬಂದು ಆರು ತಿಂಗಳಾದ ಮೇಲೆ ಕೆಲವು ವಿನಾಯಿತಿ ಬಿಟ್ಟರೆ ಸರಕಾರ ನಿಮ್ಮ ಜೊತೆ ಫ್ರೆಂಚಿನಲ್ಲೇ ವ್ಯವಹರಿಸುತ್ತದೆ. ಅದೇ ಸರಕಾರ 2024ರಲ್ಲಿ ದುಡ್ಡಿಲ್ಲ ಎಂದಾಗ ವಯಸ್ಕರ ಫ್ರೆಂಚ್ ತರಗತಿಗಳು ಎಷ್ಟೋ ಕಡೆ ಅರ್ಧಕ್ಕೆ ನಿಂತವು. ಕಲಿಯಲು ಬಂದು ಕೂತವರನ್ನೇ ಎಬ್ಬಿಸಿ ಕಳಿಸಿದ ಹಾಗಾಯಿತು. ಪಡುಗಡಲು ಅವರ ಕೊನೆಯ ಸಾಲು ಓದುವಾಗ ನನಗೆ ನೆನಪಾಗಿದ್ದು ಅದು.

ಕುಂಬಳೆಕಡೆಯವ

ಕೇರಳದ ಬಗ್ಗೆ ನಾನೊಂದೆರಡು ಮಾತು ಹೇಳಲೇಬೇಕು. ಪೆರುಂಬಾವೂರಿನ ಪ್ಲೈವುಡ್ ಕಾರ್ಖಾನೆಗಳಲ್ಲಿ ಬಂಗಾಳ, ಅಸ್ಸಾಂ, ಒಡಿಶಾದವರು ತುಂಬಿದ್ದಾರೆ. ಅಲ್ಲಿ ಸಾಕ್ಷರತಾ ಮಿಷನ್‌ನವರು ‘ಚಂಙಾದಿ’ ಯೋಜನೆಯಲ್ಲಿ ಅವರಿಗೆ ಮಲಯಾಳ ಓದು ಬರಹ ಕಲಿಸಿದರು. ಅದಕ್ಕೇ ಬೇರೆ ಪಠ್ಯಪುಸ್ತಕ ಮಾಡಿದರು. ಎರ್ನಾಕುಲಂ ಜಿಲ್ಲೆಯಲ್ಲಿ ‘ರೋಶ್ನಿ’ ಅಂತ ಇದೆ. ಮಗುವಿನ ಮನೆಮಾತು ಬಲ್ಲ ಸ್ವಯಂಸೇವಕರು ಶಾಲೆಯ ಹೊತ್ತಿಗೆ ಮುಂಚೆ ಕೂರಿಸಿ, ಅದರ ಭಾಷೆಯ ಮೂಲಕವೇ ಮಲಯಾಳಕ್ಕೆ ದಾಟಿಸುತ್ತಾರೆ. 2017ರಲ್ಲಿ ‘ಆವಾಸ್’ ಆರೋಗ್ಯ ವಿಮೆ ಬಂತು. ಪಾಲಕ್ಕಾಡಿನ ಕಂಜಿಕೋಡಿನಲ್ಲಿ ಸರಕಾರವೇ 620 ಜನ ಇರುವಂಥ ಹಾಸ್ಟೆಲ್ ಕಟ್ಟಿಸಿತು. ಕಾರ್ಮಿಕರ ಸಂಖ್ಯೆ ನೋಡಿದರೆ ಇದು ಏನೇನೂ ಅಲ್ಲ, ನಿಜ. ಆದರೂ ಹೊಣೆ ತಮ್ಮದು ಅಂತ ಒಪ್ಪಿಕೊಂಡಿದ್ದಾರೆ.

ನನಗೆ ಸಂಕಟವಾಗುವುದು ಬೇರೆ ಕಾರಣಕ್ಕೆ. ಕಾಸರಗೋಡಿನ ಕನ್ನಡಿಗರು ಎಲ್ಲಿಂದಲೂ ಬಂದವರಲ್ಲ. 1956ರಲ್ಲಿ ಗೆರೆ ಎಳೆದಾಗ ಆ ಕಡೆ ಉಳಿದವರು. ನಮ್ಮ ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡ ಬಾರದ ಮೇಷ್ಟ್ರುಗಳನ್ನು ಹಾಕಿದ್ದಕ್ಕೆ ಎಷ್ಟು ಸಲ ಧರಣಿ ಕೂರಬೇಕಾಯಿತು! ಬಂಗಾಳಿ ಮಗುವಿಗೆ ಅದರ ಮಾತಿನಲ್ಲಿ ಕಲಿಸುವುದು ಎಷ್ಟು ಮುಖ್ಯ ಅಂತ ಬಲ್ಲ ಸರಕಾರಕ್ಕೆ ನಮ್ಮ ಮಕ್ಕಳ ವಿಷಯ ಯಾಕೆ ತಿಳಿಯುವುದಿಲ್ಲ? ಹೊರಗಿನವರನ್ನು ಹೇಗೆ ನೋಡುತ್ತಾರೆ ಅಂತ ಅಳೆಯುವಾಗ ಒಳಗಿನ ಅಲ್ಪಸಂಖ್ಯಾತರನ್ನು ಹೇಗೆ ನೋಡುತ್ತಾರೆ ಅನ್ನುವುದನ್ನೂ ಸೇರಿಸಿಕೊಳ್ಳಿ.

ಮಾತುಂಗಾ

ಪೀಣ್ಯದ ಅಣ್ಣನಿಗೆ ಒಂದು ಮಾತು. ‘ಗಟ್ಟಿಯಾಗಿ ನಿಲ್ಲುವುದು’ ಬೀದಿಗೆ ಇಳಿದಾಗ ಪೆಟ್ಟು ಬೀಳುವುದು ಯಾರಿಗೆ ಅಂತ ಮುಂಬಯಿಯ ನಮ್ಮ ಹಿರಿಯರಿಗೆ ಗೊತ್ತು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ‘ಬಜಾವ್ ಪುಂಗಿ, ಹಟಾವ್ ಲುಂಗಿ’ ಅಂತ ಕೂಗಿಕೊಂಡು ಬಂದವರು ದೊಡ್ಡ ಕಂಪನಿಗಳ ಆಫೀಸಿಗೆ ಹೋಗಿ ಏನೂ ಮಾಡಲಿಲ್ಲ. ಕಲ್ಲು ಬಿದ್ದಿದ್ದು ಉಡುಪಿ ಹೋಟೆಲುಗಳಿಗೆ. ಊರಿನಿಂದ ಓದು ಬಿಟ್ಟು ಬಂದು ಲೋಟ ತೊಳೆಯುತ್ತಿದ್ದ ಹುಡುಗರಿಗೆ.

ಆ ಹುಡುಗರಿಗೆ ಓದು ಕೊಟ್ಟಿದ್ದು ಮುಂಬಯಿಯ ಕನ್ನಡ ರಾತ್ರಿಶಾಲೆಗಳು. ಹಗಲೆಲ್ಲ ಹೋಟೆಲ್, ರಾತ್ರಿ ಮೆಟ್ರಿಕ್. ಹಾಗೆ ಓದಿ ವಕೀಲರು, ಬ್ಯಾಂಕ್ ಅಧಿಕಾರಿಗಳು ಆದವರಿದ್ದಾರೆ. ಮರಾಠಿಯನ್ನು ಗಿರಾಕಿಗಳ ಬಾಯಿಂದಲೇ ಕಲಿತರು, ಇವತ್ತು ಅವರ ಮೊಮ್ಮಕ್ಕಳು ಮನೆಯಲ್ಲೂ ಮರಾಠಿ ಆಡುತ್ತಾರೆ. ಆಟೋದವರ, ಸೆಕ್ಯುರಿಟಿಯವರ ಮೇಲೆ ಕೈ ಮಾಡುವ ವಿಡಿಯೊಗಳು ಬೆಂಗಳೂರಿನಿಂದ ಬಂದಾಗ ನನಗೆ ಎದೆ ಧಸಕ್ ಅನ್ನುತ್ತದೆ.

ಪೀಣ್ಯ_ಎರಡನೇ_ಹಂತ

ಮಾತುಂಗಾ ಸರ್, ಕೈ ಮಾಡುವುದನ್ನು ನಾನು ಒಪ್ಪುವುದಿಲ್ಲ, ಯಾವತ್ತೂ ಒಪ್ಪಿಲ್ಲ. ನಾನು ಕೇಳುತ್ತಿರುವುದು ಕಾನೂನು. 2012ರ ಆಗಸ್ಟಿನಲ್ಲಿ ಈಶಾನ್ಯದವರು ಸುಳ್ಳು ಮೆಸೇಜುಗಳಿಗೆ ಹೆದರಿ ಗುವಾಹಟಿ ರೈಲು ಹತ್ತಿದರಲ್ಲ, ಆಗ ಹೋಗಬೇಡಿ ಅಂತ ಕೇಳಿಕೊಳ್ಳಲು ಗೃಹಮಂತ್ರಿ ಆರ್. ಅಶೋಕ ಸ್ಟೇಷನ್ನಿಗೇ ಹೋಗಿದ್ದರು. ಅವರನ್ನು ಕಳಿಸಬೇಕು ಅಂತ ಊರು ಬಯಸಿರಲಿಲ್ಲ.

ಸುರಪುರದ_ಗೌಂಡಿ_ಮಗ

ನಾನು ಯಾದಗಿರಿ ಜಿಲ್ಲೆಯವನು. ಅಪ್ಪ ಅವ್ವ ಇಬ್ಬರೂ ಬೆಂಗಳೂರಿನ ಕಟ್ಟಡಗಳಲ್ಲಿ ದುಡಿದವರು. ಇಷ್ಟೊತ್ತು ಎಲ್ಲರೂ ಭಾಷೆ ಭಾಷೆ ಅಂತಿದ್ದೀರಿ. ನಮ್ಮ ಮನೆಮಾತು ಕನ್ನಡವೇ ಅಲ್ವಾ? ಆದರೂ ನೀಲಿ ತಾಡಪತ್ರಿ ಶೆಡ್ಡಿನಲ್ಲೇ ಬೆಳೆದವರು ನಾವು. ಕಟ್ಟಡ ಮುಗಿದ ಕೂಡಲೇ ಶೆಡ್ಡು ಬೇರೆ ಕಡೆಗೆ, ಜೊತೆಗೆ ಶಾಲೆಯೂ ಬೇರೆ. ರೇಷನ್ ಕಾರ್ಡು ಊರಲ್ಲಿ, ಹೊಟ್ಟೆ ಇಲ್ಲಿ.

2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ಶೆಡ್ಡುಗಳನ್ನು ಬಾಂಗ್ಲಾದೇಶಿಗಳದು ಅಂತ ಹೇಳಿ ಜೆಸಿಬಿ ತಂದು ಕೆಡವಿದರು. ಒಳಗಿದ್ದವರು ಯಾರು? ಅಸ್ಸಾಂ, ತ್ರಿಪುರಾದವರು ಇದ್ದರು, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಆಧಾರ್, ವೋಟರ್ ಕಾರ್ಡ್ ಹಿಡಿದುಕೊಂಡು ನಿಂತಿದ್ದರು. ಆಮೇಲೆ ಹೈಕೋರ್ಟು ಇದು ಕಾನೂನಿಗೆ ವಿರುದ್ಧ ಅಂತ ಸರಕಾರವನ್ನು ತರಾಟೆಗೆ ತೆಗೆದುಕೊಂಡಿತು. ಅಷ್ಟೊತ್ತಿಗೆ ಪಾತ್ರೆ ಪಗಡೆ ಮಣ್ಣಾಗಿತ್ತು. ಹೊರಗಿನವರನ್ನು ಓಡಿಸಲು ಎತ್ತಿದ ಕೈ ಮೊದಲು ಬೀಳುವುದು ಬಡವರ ಮೇಲೆ. ಅವನು ಯಾವ ಭಾಷೆಯವನು ಅಂತ ಯಾರೂ ಕೇಳುವುದಿಲ್ಲ.

ಪಡುಗಡಲು

ಸುರಪುರದ ತಮ್ಮಾ, ನೀವು ಬರೆದಿದ್ದು ಓದಿ ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ. ಇಲ್ಲಿ ನಾನು ಅತ್ಯಂತ ಮೆಚ್ಚಿದ ವ್ಯವಸ್ಥೆ ನೇರವಾಗಿ ನಿಮ್ಮ ಮಾತಿಗೇ ತಾಗುತ್ತದೆ, ಅದಕ್ಕೆ ವಿವರಿಸುತ್ತೇನೆ.

ಸ್ಪೇನಿನಲ್ಲಿ ಪ್ರತಿ ಊರಿನ ಪುರಸಭೆ ತನ್ನಲ್ಲಿ ವಾಸವಿರುವವರ ದಾಖಲೆ ಪುಸ್ತಕ ಇಡಬೇಕು. ಕ್ಯಾಟಲನ್‌ನಲ್ಲಿ ಅದನ್ನು ‘ಪಾದ್ರೋ’ ಅನ್ನುತ್ತಾರೆ. ವೀಸಾ ಇರಲಿ ಬಿಡಲಿ, ಈ ಊರಿನಲ್ಲಿ ಇದ್ದೀರಿ ಅಂದರೆ ಹೆಸರು ಬರೆಸಬೇಕು. ಬರೆಸಿಕೊಳ್ಳದೆ ಇರಲು ಪುರಸಭೆಗೆ ಅಧಿಕಾರವಿಲ್ಲ. ಆ ಒಂದು ಕಾಗದದಿಂದ ಆರೋಗ್ಯ ಕೇಂದ್ರ, ಮಗುವಿಗೆ ಶಾಲೆ ಸಿಗುತ್ತದೆ. ವೀಸಾ ಇಲ್ಲದವರು ಮುಂದೆ ಕಾನೂನುಬದ್ಧರಾಗಲು ಅರ್ಜಿ ಹಾಕುವಾಗ ಇಷ್ಟು ವರ್ಷ ಇಲ್ಲೇ ಇದ್ದೆ ಎನ್ನುವುದಕ್ಕೂ ಅದೇ ಸಾಕ್ಷಿ. ಮನೆಯೇ ಇಲ್ಲದ, ಬೀದಿಯಲ್ಲಿ ಮಲಗುವವರ ಹೆಸರನ್ನೂ ಬಾರ್ಸಿಲೋನಾ ನಗರಸಭೆ ಬರೆದುಕೊಳ್ಳುತ್ತದೆ. ನಿಮ್ಮ ಶೆಡ್ಡಿನ ಮಕ್ಕಳಿಗೆ ಬೇಕಾಗಿದ್ದು ಇಂಥ ಒಂದು ಕಾಗದ ತಾನೇ.

ಇದನ್ನು ಮುರಿಯಲು ನೋಡಿದವರೂ ಇದ್ದಾರೆ. 2010ರ ಜನವರಿಯಲ್ಲಿ ವಿಕ್ ಎಂಬ ಊರಿನ ಪುರಸಭೆ ಕಾಗದಪತ್ರ ಇಲ್ಲದವರನ್ನು ದಾಖಲೆಗೆ ಸೇರಿಸುವುದಿಲ್ಲ ಎಂದಿತು. ಕಾನೂನು ಒಪ್ಪದು ಅಂತ ಮೇಲಿನಿಂದ ಹೇಳಿದ ಮೇಲೆ ಹಿಂದೆ ಸರಿಯಿತು. ಅದೇ ವರ್ಷ ಕ್ಯಾಟಲೋನಿಯಾ ‘ಸ್ವಾಗತ ಕಾಯಿದೆ’ ಮಾಡಿತು. ಹೊಸಬರಿಗೆ ಭಾಷೆ, ಕೆಲಸದ ಹಕ್ಕುಗಳು, ಊರಿನ ರೀತಿನೀತಿ ಮೂರನ್ನೂ ಕಲಿಸುವುದು ಸರಕಾರದ ಕರ್ತವ್ಯ ಅಂತ ಅದರಲ್ಲಿದೆ.

ಎಲ್ಲ ಸರಿಯಿದೆ ಅಂತ ನಾನು ಹೇಳುತ್ತಿಲ್ಲ. ಪೀಣ್ಯದವರ ಆತಂಕಕ್ಕೆ ಇಲ್ಲಿಯೂ ಆಧಾರವಿದೆ. 2023ರ ಸಮೀಕ್ಷೆಯಲ್ಲಿ ಕ್ಯಾಟಲನ್ ತಮ್ಮ ದಿನನಿತ್ಯದ ಭಾಷೆ ಎಂದವರು ಶೇ. 32.6 ಮಾತ್ರ. ಇಪ್ಪತ್ತು ವರ್ಷದ ಹಿಂದೆ ಅದು ಶೇ. 46 ಇತ್ತು. ದಕ್ಷಿಣ ಅಮೆರಿಕದಿಂದ ಬಂದವರಿಗೆ ಸ್ಪ್ಯಾನಿಷ್ ಸಾಕು. ಐಟಿಯವರಿಗೆ ಇಂಗ್ಲಿಷ್ ಸಾಕು. ಕಲಿಯಲು ಬಂದವರಿಗೆ ತರಗತಿಯಲ್ಲಿ ಜಾಗ ಸಾಲುತ್ತಿಲ್ಲ. ವಲಸೆಯ ಅಧಿಕಾರವನ್ನು ಕ್ಯಾಟಲೋನಿಯಾಗೆ ವಹಿಸುವ ಮಸೂದೆ 2025ರ ಸೆಪ್ಟೆಂಬರಿನಲ್ಲಿ ಮ್ಯಾಡ್ರಿಡ್ ಸಂಸತ್ತಿನಲ್ಲಿ ಬಿದ್ದುಹೋಯಿತು.

ಹಿಮದೂರಿನವಳು

ರಿಪೋಲ್ ಬಗ್ಗೆ ನೀವು ಏನೂ ಹೇಳಲಿಲ್ಲವಲ್ಲ ಅಣ್ಣ? 2017ರ ಆಗಸ್ಟಿನಲ್ಲಿ ಬಾರ್ಸಿಲೋನಾದ ರಾಂಬ್ಲಾ ಬೀದಿಯಲ್ಲಿ ವ್ಯಾನು ಹರಿಸಿದ ಗುಂಪಿನ ಹುಡುಗರು ಆ ಊರಲ್ಲೇ ಬೆಳೆದವರು, ಕ್ಯಾಟಲನ್ ಶಾಲೆಯಲ್ಲೇ ಓದಿದವರು ಅಂತ ಓದಿದ್ದೇನೆ. ಕಲಿಸಿದರೆ ಸಾಕು ಅನ್ನುವ ವಾದ ಅಲ್ಲಿ ಸೋಲುವುದಿಲ್ಲವೇ?

ಪಡುಗಡಲು

ಕೇಳಬೇಕಾದ ಪ್ರಶ್ನೆ ಅಕ್ಕ. ಆ ದಾಳಿಗಳಲ್ಲಿ 16 ಜನ ಸತ್ತರು. ರಿಪೋಲ್ ಪಿರನೀಸ್ ಬೆಟ್ಟದ ಬುಡದ ಸಣ್ಣ ಊರು. ಆ ಹುಡುಗರ ಕುಟುಂಬಗಳು ಮೊರಾಕೊದಿಂದ ಬಂದವು. ಹುಡುಗರು ಊರಿನ ಮಕ್ಕಳ ಜೊತೆಯೇ ಓದಿ, ಫುಟ್ಬಾಲ್ ಆಡಿ ಬೆಳೆದರು. ಅವರನ್ನು ತಿರುಗಿಸಿದ್ದು ಹೊರಗಿನಿಂದ ಬಂದ ಒಬ್ಬ ಇಮಾಮ್. ಭಾಷೆ ಕಲಿಸಿದ ಮಾತ್ರಕ್ಕೆ ಎಲ್ಲ ಮುಗಿಯಿತು ಅಂತ ನಾನು ಹೇಳಲಾರೆ, ಆ ಊರಂತೂ ಹೇಳುವುದೇ ಇಲ್ಲ.

ಅದರ ಮುಂದಿನದ್ದು ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. 2023ರಲ್ಲಿ ಅದೇ ರಿಪೋಲ್, ವಲಸಿಗರನ್ನು, ಅದರಲ್ಲೂ ಮುಸ್ಲಿಮರನ್ನು ವಿರೋಧಿಸುವ ಅಲಿಯಾನ್ಸಾ ಕತಲಾನಾ ಪಕ್ಷದ ಸಿಲ್ವಿಯಾ ಓರಿಯೋಲ್ಸ್ ಅವರನ್ನು ಮೇಯರ್ ಮಾಡಿತು. 2024ರಲ್ಲಿ ಆ ಪಕ್ಷ ಪ್ರಾಂತ್ಯದ ಸಂಸತ್ತಿನಲ್ಲೂ ಎರಡು ಸ್ಥಾನ ಗೆದ್ದಿತು. ಆ ಊರಿನಲ್ಲಿ ತಪ್ಪೇನೂ ಮಾಡದೆ ಶಾಲೆಗೆ ಹೋಗುತ್ತಿರುವ ಮೊರಾಕೊ ಮೂಲದ ಮಕ್ಕಳು ಚೆಂದದ ಕ್ಯಾಟಲನ್ ಆಡುತ್ತವೆ. ನೀವು ನಮ್ಮವರಲ್ಲ ಅಂತ ಆ ಮಕ್ಕಳಿಗೆ ಅದೇ ಭಾಷೆಯಲ್ಲಿ ಹೇಳಲಾಗುತ್ತಿದೆ. ಬದುಕಿ ದುಡಿಯುವವರೆಲ್ಲ ನಮ್ಮವರು ಎಂಬ ಮಾತನ್ನು ನಂಬಿ ಅವರ ತಂದೆತಾಯಿ ಬಂದಿದ್ದರು. ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು.

ಪಿರಿಯಾಪಟ್ಟಣ

ದೂರದ ಊರುಗಳ ನಡುವೆ ನಮ್ಮ ತಾಲೂಕನ್ನೂ ಸೇರಿಸುತ್ತೇನೆ. ಟಿಬೆಟಿನವರಿಗಾಗಿ ಬೈಲುಕುಪ್ಪೆಯಲ್ಲಿ ಅಂದಿನ ಮೈಸೂರು ಸರಕಾರ 1960ರಲ್ಲಿ ಸುಮಾರು 3000 ಎಕರೆ ಕೊಟ್ಟಿತು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ. ಕಾಡು ಕಡಿದು, ಆನೆ ಕಾಟ ತಡೆದು ಮುಸುಕಿನ ಜೋಳ ಬೆಳೆದರು. ಅವರ ಹಿರಿಯರು ನಮ್ಮ ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ.

ಆದರೆ ಪಡುಗಡಲು ಅವರು ಹೇಳಿದ ಒಂದೇ ಶಾಲೆ ಇಲ್ಲಿ ಆಗಲಿಲ್ಲ. ಅವರಿಗೆ ಬೇರೆ ಶಾಲೆ, ಬೇರೆ ಶಿಬಿರ. ಅವರ ಭಾಷೆ ಧರ್ಮ ಉಳಿಯಲಿ ಅಂತ ಬೇಕೆಂದೇ ಹಾಗೆ ಮಾಡಿದ್ದು, ಮರಳಿ ಹೋಗುತ್ತೇವೆ ಅನ್ನುವ ಆಸೆಯೂ ಇತ್ತು. ನೆಲ ಕೊಟ್ಟೆವು, ಪಕ್ಕದಲ್ಲಿ ಕೂತು ಓದುವ ಅವಕಾಶ ಎರಡೂ ಕಡೆಯ ಮಕ್ಕಳಿಗೆ ಕಮ್ಮಿ ಸಿಕ್ಕಿತು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಅಂತ ಕಾನೂನು ಹೇಳುತ್ತದೆ. ಅದನ್ನು ಒಪ್ಪಿಸಲೂ ಅವರು ಕೋರ್ಟಿಗೆ ಹೋಗಬೇಕಾಯಿತು. ನನ್ನ ಮಟ್ಟಿಗೆ ಕರ್ನಾಟಕ ಹೆಮ್ಮೆಪಡುವಂಥ ಕೆಲಸ ಬೈಲುಕುಪ್ಪೆಯದು. ಅರ್ಧ ಬಾಕಿ ಇದೆ ಅಂತಲೂ ಅನ್ನಿಸುತ್ತದೆ.

ಪೀಣ್ಯ_ಎರಡನೇ_ಹಂತ

ನನ್ನ ನಿಲುವು ಪೂರ್ತಿ ಬದಲಾಗಿಲ್ಲ. ಕಾನೂನು ಬೇಕು. 2015ರ ಕನ್ನಡ ಕಲಿಕೆ ಕಾಯಿದೆ ಎಲ್ಲ ಬೋರ್ಡಿನ ಶಾಲೆಗಳಿಗೂ ಅನ್ವಯಿಸುತ್ತದೆ. ಅದನ್ನು ಸರಿಯಾಗಿ ಜಾರಿ ಮಾಡಲಿ, ಅಪಾರ್ಟ್‌ಮೆಂಟಿನ ಮಕ್ಕಳಿಂದಲೇ ಶುರುವಾಗಲಿ. ಸುರಪುರದ ತಮ್ಮ ಹೇಳಿದ ಶೆಡ್ಡಿನ ವಿಷಯ ಮಾತ್ರ ನಾನು ಈ ಲೆಕ್ಕದಲ್ಲಿ ಇಟ್ಟೇ ಇರಲಿಲ್ಲ. ಇನ್ನು ಮೇಲೆ ಇಡುತ್ತೇನೆ.

ಪಡುಗಡಲು ಸರ್, ದೊಡ್ಡವರಿಗೆ ಭಾಷೆ ಕಲಿಸಲು ಅಲ್ಲಿ ತರಗತಿ ಬಿಟ್ಟು ಬೇರೆ ಏನಾದರೂ ಇದೆಯಾ? ನಮ್ಮ ಹುಡುಗರಿಗೆ ದಿನಕ್ಕೆ ಹನ್ನೆರಡು ತಾಸು ಕೆಲಸ. ಯಾವ ತರಗತಿಗೆ ಹೋಗುತ್ತಾರೆ?

ಪಡುಗಡಲು

ಇದೆ. ಭಾಷಾ ಸ್ವಯಂಸೇವಕರ ಯೋಜನೆ ಅಂತ. ಕ್ಯಾಟಲನ್ ಚೆನ್ನಾಗಿ ಬಲ್ಲ ಒಬ್ಬರು, ಕಲಿಯುತ್ತಿರುವ ಒಬ್ಬರು. ಸರಕಾರದ ಭಾಷಾ ಕಚೇರಿಯವರು ಜೋಡಿ ಮಾಡಿಕೊಡುತ್ತಾರೆ. ವಾರಕ್ಕೆ ಒಂದು ತಾಸಿನಂತೆ ಒಟ್ಟು ಹತ್ತು ತಾಸು ಇಬ್ಬರೂ ಕ್ಯಾಟಲನ್‌ನಲ್ಲೇ ಮಾತಾಡಬೇಕು. ಪುಸ್ತಕ ಇಲ್ಲ, ಪರೀಕ್ಷೆ ಇಲ್ಲ. ಎಲ್ಲಿ, ಯಾವಾಗ ಅನ್ನುವುದು ಅವರಿಬ್ಬರಿಗೆ ಬಿಟ್ಟಿದ್ದು. ಕಾಫಿ ಕುಡಿಯುತ್ತಲೋ ಪೇಟೆಗೆ ಹೋಗುತ್ತಲೋ ಮಾತಾಡುತ್ತಾರೆ. ಕಲಿಯುವವರ ಜೊತೆ ತಾಳ್ಮೆಯಿಂದ ಕ್ಯಾಟಲನ್ ಆಡಲು ಒಪ್ಪಿದ ಅಂಗಡಿಗಳೂ ಇದರಲ್ಲಿ ಸೇರುತ್ತವೆ. ಸ್ವಯಂಸೇವಕರಲ್ಲಿ ನಿವೃತ್ತ ಮೇಷ್ಟ್ರುಗಳು, ಗೃಹಿಣಿಯರು, ವಿದ್ಯಾರ್ಥಿಗಳು ಎಲ್ಲರೂ ಇದ್ದಾರೆ. ಮೊದಲೇ ಕಲಿತ ವಲಸಿಗರೂ ಇದ್ದಾರೆ.

ನಿಮ್ಮಲ್ಲಿ ಕನ್ನಡ ಕಲಿತ ಹಳೆಯ ಒಡಿಶಾ ಹುಡುಗ ಒಬ್ಬನಿದ್ದರೆ ಹೊಸಬನ ಜೊತೆ ಅವನನ್ನೇ ಜೋಡಿ ಮಾಡಿ. ಆ ಒಂದು ತಾಸಿಗೆ ಸಂಬಳ ಹಿಡಿಯಬೇಡಿ, ಇಬ್ಬರಿಗೂ.

ಸುರಪುರದ_ಗೌಂಡಿ_ಮಗ

ಪೀಣ್ಯದ ಅಣ್ಣಾ, ಭಾನುವಾರ ಬೆಳಿಗ್ಗೆ ನಾನು ಬರಬಲ್ಲೆ. ಜಾಲಹಳ್ಳಿಯಲ್ಲೇ ಇರುವುದು. ವರ್ಕ್‌ಶಾಪ್ ಎಲ್ಲಿ ಅಂತ ಮೆಸೇಜ್ ಮಾಡಿ.